ಅಂತೇವಾಸವೂ ವೃತ್ತಿಯೂ: ತುಮಕೂರು ಸೀಮೆಯ ಔಷಧಸ್ನಾತಕರನ್ನು ಕುರಿತ ವಿಚಾರ

೧. ಶಬ್ದವಿಚಾರ

‘ರೆಸಿಡೆನ್ಸಿ’ ಎಂಬ ಆಂಗ್ಲಶಬ್ದವು ಕನ್ನಡನಾಡಿಗೆ ಹೊಸತಲ್ಲ. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ಒಪ್ಪಿಸಲ್ಪಟ್ಟ ಮೇಲೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯು ರೆಸಿಡೆಂಟನೆನಿಸಿ ಬೆಂಗಳೂರಿನಲ್ಲಿ ವಾಸಮಾಡುತ್ತಿದ್ದನು. ಆತನ ಭವನವು ಈಗ ರಾಜಭವನವಾಗಿದ್ದರೂ ರೆಸಿಡೆನ್ಸಿ ರಸ್ತೆಯೆಂಬ ಹೆಸರು ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು. ಅದೇ ಶಬ್ದವು ಈಗ ಬೇರೆ ಎರಡು ಅರ್ಥಗಳನ್ನು ಧರಿಸಿ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳನ್ನು ಪ್ರವೇಶಿಸಿದೆ. ಔಷಧಶಾಸ್ತ್ರವನ್ನು ವ್ಯಾಸಂಗಮಾಡುವ ಮಗನೋ ಮಗಳೋ ಇರುವ ಮನೆಯಲ್ಲಿ ಈ ಶಬ್ದವು ಒಮ್ಮೆ ಆಸ್ಪತ್ರೆಯಲ್ಲಿದ್ದು ಪಡೆಯತಕ್ಕ ಶಿಕ್ಷಣವನ್ನೂ, ಇನ್ನೊಮ್ಮೆ ಪರದೇಶದಲ್ಲಿ ನೆಲಸುವುದಕ್ಕೆ ದೊರೆಯತಕ್ಕ ಅನುಮತಿಯನ್ನೂ ಬೋಧಿಸುವುದು. ಒಂದು ಶಬ್ದಕ್ಕೆ ಅನೇಕಾರ್ಥಗಳಿರುವುದು ದೋಷವಲ್ಲ. ಅರ್ಥಗಳನ್ನು ಬೆರಸಿ ತಿಳಿಯುವುದರಿಂದ ದೋಷವುಂಟಾಗುವುದು. ಪ್ರಕೃತ ವಿಷಯದಲ್ಲಿ ಆ ಬೆರಕೆಯ ಫಲವನ್ನು ಅನುಭವಿಸತಕ್ಕವರು ಇಪ್ಪತ್ತುಮೂರು ಇಪ್ಪತ್ತುನಾಲ್ಕು ವಯಸ್ಸಿನ ಸ್ನಾತಕರಾದುದರಿಂದ ಶಬ್ದವನ್ನು ಮೊದಲು ಶೋಧಿಸಬೇಕಾಗಿದೆ.

ಶಿಕ್ಷಣಾರ್ಥದ ರೆಸಿಡೆನ್ಸಿಗೆ ಸಮಾನವಾದ ಶಬ್ದವು ನಮ್ಮ ಪರಂಪರೆಯಲ್ಲಿಯೇ ಇದೆ. ಗುರುವಿನ ಸಮೀಪದಲ್ಲಿ ವಾಸಮಾಡುವವನು ಅಂತೇವಾಸಿ. ಪೂರ್ವಪದದ ವಿಭಕ್ತಿಯು ಲೋಪವಾಗದೆ ಉಳಿದಿರುವ ಈ ಶಬ್ದವನ್ನು ವೈಯಾಕರಣರು ಅಲುಕ್ ಸಮಾಸಕ್ಕೆ ಉದಾಹರಣೆಯಾಗಿ ಎಣಿಸುವರು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನ ಕೊನೆಯ ಉಪದೇಶವನ್ನು ಕೇಳುವವನು ಅಂತೇವಾಸಿಯೇ. ಓದು ಮುಗಿದು ಸಮಾವರ್ತನಸ್ನಾನವಾದ ಮೇಲೆ ಆತನು ಸ್ನಾತಕನೆನಿಸಿಕೊಳ್ಳುವನು. ಗ್ರಂಥದಿಂದ ಬಾರದ ವಿದ್ಯೆಯೊಂದುಂಟು. ಅದು ಬಲ್ಲವರ ಸಮೀಪದಲ್ಲಿ ವಾಸಮಾಡಿದವನಿಗೆ ಮಾತ್ರ ಬರುವುದೆಂಬುದೇ ಈ ಶಬ್ದದ ತಾತ್ಪರ್ಯ. ಶ್ರೀ ಸಿದ್ಧಗಂಗಾ ಮಠದಲ್ಲಿ ಊಟವಸತಿಗಳೊಡನೆ ವಿದ್ಯೆಯನ್ನು ಪಡೆದವರಿರುವ ತುಮಕೂರಿಗೆ ವಾಸಕ್ಕೂ ವಿದ್ಯೆಗೂ ಇರುವ ಸಂಬಂಧವನ್ನು ವಿವರಿಸಬೇಕಾದುದಿಲ್ಲ. ಆದುದರಿಂದ ಮುಂದೆ ಆಸ್ಪತ್ರೆಯ ರೆಸಿಡೆನ್ಸಿಯನ್ನು ಅಂತೇವಾಸವೆಂದೂ, ಪರದೇಶದಲ್ಲಿ ನೆಲಸುವ ಅನುಮತಿಯನ್ನು ವಾಸಾಧಿಕಾರವೆಂದೂ ಬೇರೆಬೇರೆಯಾಗಿ ನಿರ್ದೇಶಿಸಲಾಗುವುದು.

ಇಲ್ಲಿ ಸ್ಥಾಪಿಸಬೇಕಾಗಿರುವ ವಿಷಯವಿಷ್ಟು: ಶಾಸನವು ಔಷಧಶಾಸ್ತ್ರದ ವಿದ್ಯಾರ್ಥಿಗೆ ಅಂತೇವಾಸವನ್ನು ವಿಧಿಸಿತು, ಆದರೆ ಆ ಅಂತೇವಾಸದಲ್ಲಿ ಕಲಿತುದನ್ನು ವಿನಿಯೋಗಿಸುವ ಸ್ಥಾನಗಳು ಆತನ ಊರಿನಲ್ಲಿ ಇನ್ನೂ ಏರ್ಪಡಲಿಲ್ಲ. ಆ ಸ್ಥಾನಗಳಲ್ಲಿ ಆತನು ಮಾಡಬೇಕಾದ ಕಾರ್ಯದ ಅರ್ಧಭಾಗವು ಭಾಷೆಯ ಕಾರ್ಯವಾಗಿರುವುದರಿಂದ ಈ ವಿಷಯವು ಸಾಹಿತ್ಯೋಪಾಧ್ಯಾಯರಿಗೂ ಸಂಬಂಧಪಟ್ಟುದಾಗಿದೆ.

೨. ಔಷಧವೃತ್ತಿಯ ಪೂರ್ವಸ್ಥಿತಿ

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು ಹೇಳಲ್ಪಟ್ಟಿವೆ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳು. ಇವುಗಳಲ್ಲಿ ಔಷಧವನ್ನು ಸಿದ್ಧಪಡಿಸಿ ಕೊಡುವವನೆಂಬ ಐದನೆಯ ಪುರುಷನಿಲ್ಲ. ದ್ರವ್ಯಕ್ಕೆ ಹೇಳಿದ ಗುಣಗಳನ್ನು ರಕ್ಷಿಸುವುದೂ, ಉಪಸ್ಥಾತೃವಿಗೆ ಹೇಳಿದ ದಕ್ಷತೆ, ಶುಚಿತ್ವ, ರೋಗಿಯಲ್ಲಿ ಅನುರಾಗ ಎಂಬುವನ್ನು ಹೊಂದಿರುವುದೂ ಈಗಿನ ಔಷಧಜ್ಞನ ಧರ್ಮವಾಗಿರುವುದರಿಂದ ಈತನು ಎರಡನೆಯ ಮೂರನೆಯ ಪಾದಗಳ ಸಂಧಿಯಲ್ಲಿ ನಿಂತಿರುವನೆಂದು ಹೇಳಬಹುದು. ಸಂಧಿಯಲ್ಲಿ ನಿಂತವನಿಗೆ ಎರಡು ಕಡೆಯಲ್ಲಿಯೂ ಕೆಲಸವುಂಟು. ಒಂದು ಕಡೆಯೂ ತನ್ನದೆಂದು ಹೇಳಿಕೊಳ್ಳುವ ಆಸನವಿಲ್ಲ.

ಔಷಧವೆಂಬ ವಸ್ತುವಿನ ಸ್ವಭಾವವನ್ನು ಭಾಷೆಗಳು ಬಹುಕಾಲದ ಹಿಂದೆಯೇ ಗ್ರಹಿಸಿದ್ದುವು. ಫಾರ್ಮಸಿ ಶಬ್ದಕ್ಕೆ ಮೂಲವಾದ ಗ್ರೀಕ್ ಭಾಷೆಯ ಫಾರ್ಮಕಾನ್ ಎಂಬುದಕ್ಕೆ ಔಷಧವೆಂದೂ ವಿಷವೆಂದೂ ಅರ್ಥಗಳುಂಟು. ಕನ್ನಡದ ಮದ್ದು ಎಂಬ ಶಬ್ದವೂ ಹಾಗೆಯೇ: ಕೆಮ್ಮಿಗೆ ಕೊಡುವುದೂ ಮದ್ದು, ಹಗೆಯವನು ಅನ್ನದಲ್ಲಿ ಇಟ್ಟನೆಂದು ಹಳ್ಳಿಗರು ಹೆದರುವುದೂ ಮದ್ದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ವಿಷಯವಾಗಿಟ್ಟುಕೊಂಡು ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿ ರಚಿಸಿದನು. ಅದಕ್ಕೂ ಹಿಂದೆ ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ರೋಗಿಗೂ ಗೋಪಾಲಕನಿಗೂ ತಿಳಿಯಬೇಕಾದುದನ್ನು ದೇಶಭಾಷೆಯಲ್ಲಿ ಹೇಳಬೇಕೆಂಬ ವಿವೇಕವು ಈ ಗ್ರಂಥಗಳಿಂದ ವ್ಯಕ್ತವಾಗುವುದು.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ನಾರುಬೇರುಗಳನ್ನು ಮಾರುವ ಗ್ರಂಧಿಗೆ ಅಂಗಡಿಗಳಿದ್ದುವು. ಇಂಗ್ಲಿಷ್ ವೈದ್ಯವು ಹರಡಿದಂತೆ ಆಸ್ಪತ್ರೆಗಳಲ್ಲಿ ಕಾಂಪೌಂಡರನು ಕಾಣಿಸಿಕೊಂಡನು. ಬಣ್ಣದ ನೀರನ್ನು ಸೀಸೆಗೆ ಹೊಯ್ದು, ಅದಕ್ಕೆ ಅಳತೆಯ ಕಾಗದವನ್ನಂಟಿಸಿ ಕೊಡುತ್ತಿದ್ದ ಆತನ ಚಿತ್ರವು ಕನ್ನಡದ ಕಥೆ ನಾಟಕಗಳನ್ನು ಓದಿದವರಿಗೆ ಅಪರಿಚಿತವಲ್ಲ. ಆಗ ಔಷಧಗಳ ಶುದ್ಧಿಗಾಗಲಿ, ಕೊಡುವವನ ಯೋಗ್ಯತೆಗಾಗಲಿ ದೇಶವ್ಯಾಪ್ತವಾದ ಕಟ್ಟುಪಾಡಿರಲಿಲ್ಲ. ೧೯೩೦-೩೧ರಲ್ಲಿ ಚೋಪ್ರಾ ಅವರ ಅಧ್ಯಕ್ಷತೆಯ ಔಷಧವಿಚಾರಣಾ ಸಮಿತಿಯು ಈ ಕೊರತೆಯನ್ನು ಪರಿಶೀಲಿಸಿತು. ೧೯೩೨ರಲ್ಲಿ ಮಹಾದೇವಲಾಲ್ ಶ್ರಾಫರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಪಾಠವನ್ನು ಪ್ರಾರಂಭಿಸಿದರು. ೧೯೪೦ರಲ್ಲಿ ಔಷಧಗಳ ಗುಣವನ್ನು ಕುರಿತ ಶಾಸನವೂ, ೧೯೪೮ರಲ್ಲಿ ಔಷಧವನ್ನು ಕೊಡುವವನನ್ನು ಕುರಿತ ಫಾರ್ಮಸಿ ಶಾಸನವೂ ಹುಟ್ಟಿದುವು. ಎರಡನೆಯ ಶಾಸನವು ಮೊದಲ ದಾಖಲೆಪುಸ್ತಕವನ್ನು ತಯಾರಿಸುವಾಗ ಐದು ವರ್ಷಗಳಿಗೆ ಕಡಮೆಯಿಲ್ಲದೆ ಔಷಧಗಳನ್ನು ಕಲಸಿಕೊಡುತ್ತಿದ್ದ ಅನುಭವಿಗಳನ್ನೂ ಸೇರಿಸಿಕೊಂಡಿತು. ಆಮೇಲೆ ವ್ಯಾಸಂಗವನ್ನು ಮಾಡಿದವನಿಗೆ ಮಾತ್ರ ಪ್ರವೇಶವೆಂದು ವಿಧಿಸಿತು. ಹೀಗೆ ಕಾಂಪೌಂಡರನು ಫಾರ್ಮಸಿಸ್ಟನಾದನು.

೩. ಮೂರು ವ್ಯಾಸಂಗಗಳು, ಒಂದು ಹಕ್ಕು

ಈಗ ಔಷಧಶಾಸ್ತ್ರದಲ್ಲಿ ಪ್ರಾರಂಭದ ವ್ಯಾಸಂಗಗಳು ಮೂರು. ಮೊದಲನೆಯದು ಎರಡು ವರ್ಷಗಳ ಡಿಪ್ಲೊಮಾ. ಅದರ ಕೊನೆಯಲ್ಲಿ ಮೂರು ತಿಂಗಳಿಗೆ ಕಡಮೆಯಿಲ್ಲದಂತೆ ೫೦೦ ಗಂಟೆಗಳ ಅಭ್ಯಾಸವು ವಿಧಿಸಲ್ಪಟ್ಟಿದೆ. ೨೦೨೨ರ ನಿಯಮಗಳ ಪ್ರಕಾರ ಡಿಪ್ಲೊಮಾದವರಿಗೆ ನಿರ್ಗಮ ಪರೀಕ್ಷೆಯೊಂದು ಸೇರಿದ್ದು, ಅದು ಮೊದಲ ಬಾರಿಗೆ ೨೦೨೪ರಲ್ಲಿ ನಡೆಯಿತು. ಎರಡನೆಯದು ನಾಲ್ಕು ವರ್ಷಗಳ ಬಿ. ಫಾರ್ಮ್ ಪದವಿ. ಮೂರನೆಯದು ೨೦೦೮ರ ನಿಯಮಗಳಿಂದ ಏರ್ಪಟ್ಟ ಫಾರ್ಮ್. ಡಿ ಪದವಿ; ಇದಕ್ಕೆ ಐದು ವರ್ಷಗಳ ಓದು, ಆರನೆಯ ವರ್ಷ ಅಂತೇವಾಸ. ಬಿ. ಫಾರ್ಮ್ ಮುಗಿಸಿದವರು ಮೂರು ವರ್ಷಗಳಲ್ಲಿ ಇದೇ ಪದವಿಯನ್ನು ಪಡೆಯುವುದಕ್ಕೂ ಮಾರ್ಗವುಂಟು. ಅಲ್ಲಿಯೂ ಕೊನೆಯ ವರ್ಷವು ಅಂತೇವಾಸವೇ.

ಇನ್ನು ಹಕ್ಕಿನ ವಿಚಾರ. ವೈದ್ಯನು ಬರೆದುಕೊಟ್ಟ ಔಷಧವನ್ನು ದಾಖಲೆಹೊಂದಿದ ಫಾರ್ಮಸಿಸ್ಟನಲ್ಲದೆ ಬೇರೊಬ್ಬನು ಕಲಸಿಯಾಗಲಿ ಕಟ್ಟಿಯಾಗಲಿ ಕೊಡಕೂಡದೆಂದು ೧೯೪೮ರ ಶಾಸನದ ೪೨ನೆಯ ಪ್ರಕರಣವು ನಿಷೇಧಿಸುವುದು. ವೈದ್ಯನು ತನ್ನ ರೋಗಿಗೆ ತಾನೇ ಕೊಡುವುದು ಇದಕ್ಕೆ ಅಪವಾದ. ೧೯೪೫ರ ನಿಯಮಗಳೂ ಚಿಲ್ಲರೆ ಅಂಗಡಿಯಲ್ಲಿ ಫಾರ್ಮಸಿಸ್ಟನ ಪ್ರತ್ಯಕ್ಷ ಮೇಲ್ವಿಚಾರಣೆಯನ್ನು ಕೇಳುವುವು. ಆದರೆ ಈ ಹಕ್ಕಿಗೆ ಮೆಟ್ಟಿಲುಗಳಿಲ್ಲ. ಎರಡು ವರ್ಷ ಓದಿದವನಿಗೆ ಯಾವ ಬಾಗಿಲು ತೆರೆಯುವುದೋ ಆರು ವರ್ಷ ಓದಿದವನಿಗೂ ಆ ಬಾಗಿಲೇ ತೆರೆಯುವುದು. ಗುಬ್ಬಿಯ ಪೇಟೆಯಲ್ಲಿ ಅಂಗಡಿಯನ್ನಿಡುವವನಿಗೆ ಬೇಕಾಗಿರುವುದು ಒಂದು ದಾಖಲೆಪತ್ರ. ಆತನು ಡಿಪ್ಲೊಮಾದವನಿಂದ ಆ ಕಾರ್ಯವನ್ನು ನಿರ್ವಹಿಸಬಹುದಾಗಿರುವಾಗ ಹೆಚ್ಚು ವೇತನವನ್ನು ಕೊಟ್ಟು ಫಾರ್ಮ್. ಡಿಯವನನ್ನು ಏಕೆ ಕರೆಯುವನು? ಇದು ವರ್ತಕನ ದೋಷವಲ್ಲ. ಶಾಸನವು ವಿದ್ಯೆಯಲ್ಲಿ ಭೇದವನ್ನು ಕಲ್ಪಿಸಿ ಹಕ್ಕಿನಲ್ಲಿ ಕಲ್ಪಿಸದಿರುವುದರ ಫಲ.

ಸರ್ಕಾರಿ ಸೇವೆಯಲ್ಲಿಯೂ ಸ್ಥಿತಿಯು ಇದಕ್ಕಿಂತ ಬಹಳ ಬೇರೆಯಲ್ಲ. ಪ್ರಾಥಮಿಕ ಆರೋಗ್ಯಕೇಂದ್ರಕ್ಕೆ ಒಬ್ಬ ಫಾರ್ಮಸಿಸ್ಟನಿರಬೇಕೆಂಬುದು ಅಖಿಲಭಾರತದ ಮಾನಕ್ರಮ. ಆ ಹುದ್ದೆಗೆ ಬಹುಕಾಲದಿಂದ ಡಿಪ್ಲೊಮಾವೇ ಅಳತೆಗೋಲಾಗಿರುವುದು. ಪದವೀಧರನು ಆ ಅಳತೆಗಿಂತ ಉದ್ದವಾಗಿದ್ದರೂ ಆ ಉದ್ದಕ್ಕೆ ಅಲ್ಲಿ ಬೆಲೆಯಿಲ್ಲ.

೪. ಅಂತೇವಾಸದ ಸ್ವರೂಪವೂ ಸ್ಥಳವೂ

ಹಾಗಾದರೆ ಆರನೆಯ ವರ್ಷದಲ್ಲಿ ಕಲಿಯತಕ್ಕುದೇನೆಂಬ ಪ್ರಶ್ನೆಯು ಹುಟ್ಟುವುದು. ೨೦೦೮ರ ನಿಯಮಗಳ ಪ್ರಕಾರ ಅಂತೇವಾಸಿಯು ಆರು ತಿಂಗಳು ಸಾಮಾನ್ಯ ವೈದ್ಯವಿಭಾಗದಲ್ಲಿಯೂ, ಎರಡೆರಡು ತಿಂಗಳಂತೆ ಬೇರೆ ಮೂರು ವಿಶೇಷ ವಿಭಾಗಗಳಲ್ಲಿಯೂ ಇರತಕ್ಕದ್ದು. ವೈದ್ಯರೊಡನೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ರೋಗಿಯು ಸೇವಿಸುತ್ತಿರುವ ಔಷಧಗಳೆಲ್ಲವನ್ನೂ ಒಂದೆಡೆಯಲ್ಲಿ ನೋಡುವುದು ಆತನ ಕೆಲಸ. ಇದರ ಪ್ರಯೋಜನವು ಒಂದೆರಡು ಉದಾಹರಣೆಗಳಿಂದ ಸ್ಪಷ್ಟವಾಗುವುದು. ಕ್ಷಯರೋಗಕ್ಕೆ ಕೊಡುವ ರಿಫ್ಯಾಂಪಿಸಿನ್ ಎಂಬ ಔಷಧವು ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಧುಮೇಹದ ಮಾತ್ರೆಗಳನ್ನು ದೇಹವು ಬೇಗನೆ ಕಳೆಯುವಂತೆ ಮಾಡಿ ಅವುಗಳ ಬಲವನ್ನು ಕುಗ್ಗಿಸುವುದು. ಎರಡು ರೋಗಗಳೂ ಇರುವವನಿಗೆ ಎರಡು ಕಡೆಗಳಲ್ಲಿ ಔಷಧವು ದೊರೆತರೆ ಈ ವಿರೋಧವನ್ನು ಗಮನಿಸುವವರಾರು? ಮೆಟ್‌ಫಾರ್ಮಿನ್ ಮಾತ್ರೆಯು ಮೂತ್ರಪಿಂಡಗಳ ಶಕ್ತಿಯು ಬಹಳವಾಗಿ ಕುಂದಿದವನಿಗೆ ನಿಷಿದ್ಧ. ವೈದ್ಯನು ರೋಗವನ್ನು ನೋಡುವಾಗ ಔಷಧಜ್ಞನು ಔಷಧಗಳ ಪರಸ್ಪರ ಸಂಬಂಧವನ್ನು ನೋಡುವನು. ಇಬ್ಬರ ದೃಷ್ಟಿಯೂ ಸೇರಿದಾಗ ಚಿಕಿತ್ಸೆಯು ನಿರಪಾಯವಾಗುವುದು. ಈ ದೃಷ್ಟಿಯನ್ನು ಕರ್ನಾಟಕದಲ್ಲಿ ಮೊದಲು ಬೆಳೆಸಿದ ಸಂಸ್ಥೆಗಳಲ್ಲಿ ಮೈಸೂರಿನ ಜೆ.ಎಸ್.ಎಸ್. ಔಷಧ ಮಹಾವಿದ್ಯಾಲಯವು ಮುಖ್ಯವಾದುದು, ಫಾರ್ಮ್. ಡಿ ಪದವಿಯು ಬರುವುದಕ್ಕೆ ಮೊದಲೇ, ೧೯೯೦ರ ದಶಕದಲ್ಲಿ, ಅಲ್ಲಿ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವು ಪ್ರಾರಂಭವಾಗಿದ್ದಿತು.

ಆದರೆ ಅಂತೇವಾಸಕ್ಕೆ ಸ್ಥಳದ ಕಟ್ಟೊಂದುಂಟು. ಫಾರ್ಮ್. ಡಿ ವಿದ್ಯಾರ್ಥಿಗಳಿಗೆ ಆಶ್ರಯವಾಗತಕ್ಕ ಆಸ್ಪತ್ರೆಯಲ್ಲಿ ೩೦೦ ಹಾಸಿಗೆಗಳಿಗೆ ಕಡಮೆಯಿರಕೂಡದು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ ೧೦೦ ಹಾಸಿಗೆಗಳವು. ಆದುದರಿಂದ ಗುಬ್ಬಿಯಾಗಲಿ ಕುಣಿಗಲ್ ಆಗಲಿ ಅಂತೇವಾಸಕ್ಷೇತ್ರವಾಗಲಾರದು. ತುಮಕೂರು ನಗರದ ದೊಡ್ಡ ಆಸ್ಪತ್ರೆಗಳನ್ನೋ, ಸುಮಾರು ೭೦ ಕಿಲೋಮೀಟರ್ ದೂರದ ಬೆಂಗಳೂರನ್ನೋ ಆಶ್ರಯಿಸಬೇಕು. ಇದರ ಪರಿಣಾಮವು ವಿಚಿತ್ರವಾದುದು. ಡಿಪ್ಲೊಮಾದ ವಿದ್ಯಾರ್ಥಿಯು ತನ್ನ ೫೦೦ ಗಂಟೆಗಳನ್ನು ತನ್ನೂರಿನ ಅಂಗಡಿಯಲ್ಲಿಯೋ ಸಣ್ಣ ಆಸ್ಪತ್ರೆಯಲ್ಲಿಯೋ ಕಳೆಯಬಹುದು. ಆತನಿಗೆ ಹಳ್ಳಿಯ ರೋಗಿಯ ಪರಿಚಯವಾಗುವುದು. ಆದರೆ ಔಷಧವಿರೋಧಗಳ ಸೂಕ್ಷ್ಮಜ್ಞಾನವು ಆತನಿಗೆ ಕಡಮೆ. ಸೂಕ್ಷ್ಮಜ್ಞಾನವನ್ನು ಪಡೆದ ಫಾರ್ಮ್. ಡಿಯವನು ದೊಡ್ಡ ಆಸ್ಪತ್ರೆಯ ಹಾಸಿಗೆಗಳ ನಡುವೆ ಬೆಳೆದು, ತನ್ನೂರಿನ ಔಷಧದ ಕಿಟಕಿಯ ಮುಂದೆ ನಿಲ್ಲುವ ಮುದುಕಿಯ ಪ್ರಶ್ನೆಗಳನ್ನು ಕೇಳದೆಯೇ ಸ್ನಾತಕನಾಗುವನು. ಹೆಚ್ಚು ಓದಿದಂತೆಲ್ಲ ಊರಿನಿಂದ ದೂರವಾಗುವ ಮಾರ್ಗವಿದು.

೫. ವೃತ್ತಿದ್ವಾರಗಳು

ಸ್ನಾತಕನ ಮುಂದಿರುವ ವೃತ್ತಿಗಳನ್ನು ಈಗ ಕ್ರಮವಾಗಿ ಎಣಿಸಬಹುದು.

ಒಂದನೆಯದು ಅಂಗಡಿ. ತುಮಕೂರಿನ ಬಿ.ಎಚ್. ರಸ್ತೆಯಿಂದ ಹಿಡಿದು ಹೋಬಳಿಯ ಊರುಗಳವರೆಗೆ ಔಷಧದ ಅಂಗಡಿಗಳಿಲ್ಲದ ಪೇಟೆಯಿಲ್ಲ. ೨೦೦೮ರಲ್ಲಿ ಪ್ರಾರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಿಗೂ ಡಿಪ್ಲೊಮಾ ಅಥವಾ ಬಿ. ಫಾರ್ಮ್ ಪಡೆದವನೊಬ್ಬನು ಬೇಕು. ಸ್ವಂತ ಬಂಡವಾಳವುಳ್ಳ ಸ್ನಾತಕನಿಗೆ ಇದು ತನ್ನೂರಿನಲ್ಲಿಯೇ ನಿಲ್ಲುವ ಸ್ಥಿರಮಾರ್ಗ. ಬಂಡವಾಳವಿಲ್ಲದೆ ಕೂಲಿಗೆ ನಿಲ್ಲುವವನಿಗೆ ಹಿಂದೆ ಹೇಳಿದ ಸಮಾನಹಕ್ಕಿನ ತೊಡಕು ತಪ್ಪದು. ಇಲ್ಲಿ ಇನ್ನೊಂದು ಅನರ್ಥವನ್ನೂ ಹೇಳಬೇಕಾಗಿದೆ. ತನ್ನ ದಾಖಲೆಪತ್ರವನ್ನು ಅಂಗಡಿಯ ಗೋಡೆಗೆ ಬಾಡಿಗೆ ಕೊಟ್ಟು ತಾನು ಬೇರೆಡೆ ಇರುವ ರೂಢಿಯು ದೇಶದಲ್ಲಿ ಅಲ್ಲಲ್ಲಿ ಉಂಟು. ಕಾನೂನು ಇದನ್ನು ಒಪ್ಪುವುದಿಲ್ಲ. ಕಾನೂನಿನ ಮಾತಿರಲಿ, ಈ ರೂಢಿಯಿಂದ ಸ್ನಾತಕರಿಗೇ ಹಾನಿ. ಗೋಡೆಯ ಮೇಲಿನ ಕಾಗದವೇ ಸಾಕಾದರೆ ಮನುಷ್ಯನಿಗೆ ವೇತನವನ್ನು ಕೊಡುವವರಾರು?

ಎರಡನೆಯದು ಕೈಗಾರಿಕೆ. ಔಷಧಗಳ ತಯಾರಿಕೆಯು ಯೋಗ್ಯರಾದ ತಜ್ಞರ ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದು. ಆ ತಜ್ಞರ ಪೈಕಿ ಔಷಧಶಾಸ್ತ್ರದ ಪದವಿಯೊಡನೆ ಹದಿನೆಂಟು ತಿಂಗಳ ಅನುಭವವುಳ್ಳವನನ್ನು ನಿಯಮಗಳೇ ಹೆಸರಿಸಿರುವುವು. ಇಲ್ಲಿ ಡಿಪ್ಲೊಮಾಕ್ಕೂ ಪದವಿಗೂ ಭೇದವುಂಟು; ಬಿ. ಫಾರ್ಮ್ ಸ್ನಾತಕನ ಬಲವಿರುವುದು ಇಲ್ಲಿಯೇ. ತುಮಕೂರು ರಸ್ತೆಯ ಮಾಕಳಿಯಲ್ಲಿರುವ ಹಿಮಾಲಯ ಸಂಸ್ಥೆ, ೧೯೭೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಬಯೋಕಾನ್ ಮೊದಲಾದವುಗಳಿಂದ ರಾಜಧಾನಿಯ ಸುತ್ತಲಿನ ಪ್ರದೇಶವು ಈ ಉದ್ಯಮಕ್ಕೆ ಪ್ರಸಿದ್ಧವಾಗಿದೆ. ದೇವರಾಯನದುರ್ಗದ ಅರಣ್ಯವು ಕರ್ನಾಟಕದ ಔಷಧೀಯಸಸ್ಯ ಸಂರಕ್ಷಣಾಕ್ಷೇತ್ರಗಳಲ್ಲಿ ಒಂದು. ಕೊರಟಗೆರೆಯ ಸಿದ್ಧರಬೆಟ್ಟವು ಮೂಲಿಕೆಗಳಿಗೆ ಹೆಸರಾದುದು. ಆದರೂ ಮೂಲಿಕೆಯು ಬೆಳೆಯುವ ಸ್ಥಳದಲ್ಲಿ ಹುದ್ದೆಯು ಬೆಳೆಯುವುದೆಂಬ ನಿಯಮವಿಲ್ಲ. ಸ್ನಾತಕನು ಹುದ್ದೆಯನ್ನು ಹುಡುಕಿ ಪೂರ್ವಾಭಿಮುಖವಾಗಿ ಬೆಂಗಳೂರಿಗೆ ನಡೆಯುವನು.

ಮೂರನೆಯದು ಔಷಧನಿಯಂತ್ರಣ. ಔಷಧಪರಿವೀಕ್ಷಕನ ಹುದ್ದೆಗೆ ಔಷಧಶಾಸ್ತ್ರದ ಪದವಿಯು ಅರ್ಹತೆಯಾಗಿದೆ. ಇದು ಗೌರವವುಳ್ಳ ಉದ್ಯೋಗ. ಆದರೆ ಸ್ಥಾನಗಳು ಅಲ್ಪ, ಆಶಿಸುವವರು ಬಹಳ. ನಾಲ್ಕನೆಯದು ಅಧ್ಯಾಪನ, ಇದಕ್ಕೆ ಮೇಲಿನ ವ್ಯಾಸಂಗವು ಬೇಕು. ತುಮಕೂರಿನಲ್ಲಿಯೇ ಶ್ರೀ ಸಿದ್ಧಗಂಗಾ ಔಷಧ ಮಹಾವಿದ್ಯಾಲಯವಿರುವುದರಿಂದ ಈ ಮಾರ್ಗವು ಸ್ಥಳೀಯರಿಗೆ ಪರಿಚಿತವಾದುದು.

ಐದನೆಯದು ಫಾರ್ಮ್. ಡಿಯವರನ್ನು ವಿಶೇಷವಾಗಿ ಆಕರ್ಷಿಸುತ್ತಿರುವ ದ್ವಾರ. ಔಷಧಗಳ ದುಷ್ಪರಿಣಾಮಗಳನ್ನು ಸಂಗ್ರಹಿಸಿ ಪರಿಶೀಲಿಸುವ ರಾಷ್ಟ್ರೀಯ ಕಾರ್ಯಕ್ರಮವು ೨೦೧೦ರಲ್ಲಿ ಪ್ರಾರಂಭವಾಯಿತು. ಹೊಸ ಔಷಧಗಳ ಪ್ರಯೋಗಗಳನ್ನು ಕುರಿತ ನಿಯಮಗಳು ೨೦೧೯ರಲ್ಲಿ ಹೊರಬಿದ್ದುವು. ಈ ಕಾರ್ಯಗಳನ್ನು ಪರದೇ‍ಶದ ಔಷಧ ಸಂಸ್ಥೆಗಳಿಗಾಗಿ ನಡೆಸಿಕೊಡುವ ಕಚೇರಿಗಳು ಬೆಂಗಳೂರಿನಲ್ಲಿರುವುವು. ರೋಗಿಯ ಬಳಿಯಲ್ಲಿ ಅಂತೇವಾಸವನ್ನು ಮಾಡಿದ ಸ್ನಾತಕನು ಇಲ್ಲಿ ಗಣಕಯಂತ್ರದ ಮುಂದೆ ಕುಳಿತು, ತಾನು ನೋಡದ ದೇಶದ ತಾನು ನೋಡದ ರೋಗಿಗೆ ಉಂಟಾದ ದುಷ್ಪರಿಣಾಮವನ್ನು ಇಂಗ್ಲಿಷಿನಲ್ಲಿ ಬರೆಯುವನು. ಕಾರ್ಯವು ಪ್ರಯೋಜನಕರವೇ, ವೇತನವೂ ಸಲ್ಲುವುದು. ಆದರೆ ಯಾವ ಕಾರ್ಯಕ್ಕಾಗಿ ಶಾಸನವು ಆರನೆಯ ವರ್ಷವನ್ನು ವಿಧಿಸಿತೋ ಆ ಕಾರ್ಯವು ಇದಲ್ಲ.

ಆ ಕಾರ್ಯವು ಆರನೆಯ ದ್ವಾರದಲ್ಲಿದೆ. ಅದು ಆಸ್ಪತ್ರೆಯ ಚಿಕಿತ್ಸಾಫಾರ್ಮಸಿಸ್ಟನ ಸ್ಥಾನ. ೨೦೧೫ರ ಫಾರ್ಮಸಿ ವೃತ್ತಿನಿಯಮಗಳು ಈ ಬಗೆಯ ಕರ್ತವ್ಯಗಳಿಗೆ ದಾರಿಮಾಡಿದುವು. ೨೦೨೧ರ ತಿದ್ದುಪಡಿಯು ಚಿಕಿತ್ಸಾಫಾರ್ಮಸಿಸ್ಟನನ್ನು ಹೆಸರಿಸಿತು. ಆದರೆ ಹೆಸರು ದೊರೆತ ಮಾತ್ರಕ್ಕೆ ಹುದ್ದೆಯು ದೊರೆಯುವುದಿಲ್ಲ. ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳು ಈ ಸ್ಥಾನವನ್ನು ಕಲ್ಪಿಸಿಕೊಂಡಿರುವುವು. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಸಾಮಾನ್ಯವಾದ ಸ್ಥಾನವಾಗಲಿಲ್ಲ. ಆದುದರಿಂದ ಗುಬ್ಬಿಯಲ್ಲಿ ಹುಟ್ಟಿದ ಫಾರ್ಮ್. ಡಿ ಸ್ನಾತಕನು ಗುಬ್ಬಿಯ ಆಸ್ಪತ್ರೆಗೆ ಬಂದರೆ ಆತನ ವಿದ್ಯೆಗೆ ಅಲ್ಲಿ ಕುರ್ಚಿಯಿಲ್ಲ.

೬. ದೇಶಾಂತರ

ಸ್ವದೇಶದಲ್ಲಿ ಸ್ಥಾನವನ್ನು ಕಾಣದವನು ದೇಶಾಂತರವನ್ನು ಚಿಂತಿಸುವುದು ಸಹಜ. ಇಲ್ಲಿ ಮೂರು ಸಂಗತಿಗಳನ್ನು ಪ್ರತ್ಯೇಕಿಸಿ ತಿಳಿಯಬೇಕು: ವೃತ್ತಿಯನ್ನು ನಡೆಸುವ ಅನುಮತಿ, ಅಂತೇವಾಸ, ವಾಸಾಧಿಕಾರ. ಈ ಮೂರನ್ನು ಕೊಡತಕ್ಕವರು ಬೇರೆಬೇರೆ ಅಧಿಕಾರಿಗಳು.

ಔಷಧಶಾಸ್ತ್ರದ ಅಂತೇವಾಸವು ಅಮೆರಿಕದಲ್ಲಿ ೧೯೨೭ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿ ಎಂಬವರಿಂದ ಆರಂಭವಾದುದು. ಅಲ್ಲಿ ಅದು ಪದವಿಯ ಅನಂತರ, ಇಚ್ಛೆಯುಳ್ಳವರು ಸ್ಪರ್ಧೆಯಿಂದ ಸೇರತಕ್ಕ ವರ್ಷ. ಇಲ್ಲಿ ಅದು ಪದವಿಯ ಒಳಗಿನ ವರ್ಷ. ಪರಂಪರೆಯ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಸ್ನಾನಕ್ಕೆ ಮೊದಲು ಅಂತೇವಾಸ, ಅಲ್ಲಿ ಸ್ನಾನವಾದ ಮೇಲೆ ಅಂತೇವಾಸ. ಆದುದರಿಂದ ತುಮಕೂರಿನಲ್ಲಿ ರೆಸಿಡೆನ್ಸಿಯನ್ನು ಮುಗಿಸಿದವನು ಅಮೆರಿಕದಲ್ಲಿ ರೆಸಿಡೆನ್ಸಿಯನ್ನು ಮುಗಿಸಿದವನಿಗೆ ಸಮಾನನೆಂದು ಎಣಿಸಲ್ಪಡುವುದಿಲ್ಲ.

ಅನುಮತಿಯ ವಿಷಯದಲ್ಲಿ ವರ್ಷಗಳ ಲೆಕ್ಕವು ಮುಖ್ಯ. ೨೦೦೩ನೆಯ ಇಸವಿಯ ಜನವರಿ ೧ರಿಂದ ಈಚೆಗೆ ಪದವಿ ಪಡೆದ ಪರದೇಶದವರು ಅಮೆರಿಕದ ಅರ್ಹತಾಪರೀಕ್ಷೆಗೆ ಕುಳಿತುಕೊಳ್ಳಬೇಕಾದರೆ ಅವರ ಪಠ್ಯಕ್ರಮವು ಐದು ವರ್ಷಗಳಿಗೆ ಕಡಮೆಯಿರಕೂಡದು. ನಾಲ್ಕು ವರ್ಷಗಳ ಬಿ. ಫಾರ್ಮ್ ಮಾತ್ರದಿಂದ ಆ ಬಾಗಿಲು ತೆರೆಯುವುದಿಲ್ಲ, ಫಾರ್ಮ್. ಡಿಗೆ ವರ್ಷಗಳ ಅಡ್ಡಿಯಿಲ್ಲ. ಕೆನಡದಲ್ಲಿಯೂ ಅರಬ್ ಸಂಸ್ಥಾನಗಳಲ್ಲಿಯೂ ಅವರವರ ಪರೀಕ್ಷೆಗಳು ಬೇರೆಯಾಗಿಯೇ ಇವೆ. ಇವುಗಳಲ್ಲಿ ತೇರ್ಗಡೆಯಾದವನಿಗೂ ವಾಸಾಧಿಕಾರವು ತಾನಾಗಿ ಲಭಿಸುವುದಿಲ್ಲ. ಅದನ್ನು ಆಯಾ ದೇಶದ ಪ್ರವೇಶಶಾಸನವು ನಿರ್ಣಯಿಸುವುದು. ಮನೆಯ ಹೊಲವನ್ನು ಒತ್ತೆಯಿಟ್ಟು ಮಗನನ್ನು ಕಳುಹಿಸುವ ತಂದೆಗೆ ಈ ಭೇದವು ಮೊದಲೇ ತಿಳಿದಿರುವುದು ಒಳ್ಳೆಯದು.

೭. ಭಾಷಾವಿಚಾರ

ಇನ್ನು ವಿಷಯದ ಮುಖ್ಯಭಾಗ. ೨೦೧೫ರ ನಿಯಮಗಳು ಔಷಧವನ್ನು ಕೊಡುವುದರೊಡನೆ ರೋಗಿಗೆ ಉಪದೇಶವನ್ನೂ ವಿಧಿಸಿವೆ: ಔಷಧದ ಹೆಸರೇನು, ಏತಕ್ಕೆ, ಎಷ್ಟು, ಹೇಗೆ, ಎಷ್ಟು ದಿನ, ಮರೆತರೆ ಏನು ಮಾಡಬೇಕು, ಯಾವ ತೊಂದರೆಯಾಗಬಹುದು, ಎಲ್ಲಿಡಬೇಕು ಎಂಬಿವೆಲ್ಲವನ್ನೂ ಹೇಳಬೇಕು. ಹೇಳಬೇಕಾದುದು ಕುಣಿಗಲ್ಲಿನ ರೈತನಿಗೆ. ಹೇಳತಕ್ಕವನು ಓದಿರುವುದು ಇಂಗ್ಲಿಷಿನಲ್ಲಿ. ಔಷಧದ ಪೊಟ್ಟಣದ ಮೇಲಿನ ಬರಹವೂ ಬಹುಪಾಲು ಇಂಗ್ಲಿಷೇ. ನಡುವಿನ ಸೇತುವೆಯು ಕನ್ನಡ.

ಸೇತುವೆಯು ಸಡಿಲವಾಗಿದ್ದರೆ ಆಗುವ ಅಪಾಯವನ್ನು ಒಂದು ಔಷಧದಿಂದ ತಿಳಿಯಬಹುದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸತಕ್ಕದ್ದು. ಇತರ ಮಾತ್ರೆಗಳಂತೆ ಇದನ್ನೂ ದಿನಂಪ್ರತಿ ಸೇವಿಸಿದರೆ ಮಜ್ಜೆಯು ಕೆಟ್ಟು ಪ್ರಾಣಕ್ಕೆ ಅಪಾಯವುಂಟಾಗುವುದು. ವಾರಕ್ಕೊಮ್ಮೆ ಎಂದು ಗೊಣಗಿ ಪೊಟ್ಟಣವನ್ನು ಮುಂದಕ್ಕೆ ತಳ್ಳುವುದಕ್ಕೂ, ‘ಸೋಮವಾರ ಮಾತ್ರ, ಬೇರೆ ದಿನ ಮುಟ್ಟಬೇಡಿ’ ಎಂದು ಹೇಳಿ ಮರಳಿ ಕೇಳಿ ತಿಳಿದುಕೊಳ್ಳುವುದಕ್ಕೂ ನಡುವಣ ಅಂತರವು ಜೀವಮರಣಗಳ ಅಂತರ. ಹಿಂದೆ ಹೇಳಿದ ರಿಫ್ಯಾಂಪಿಸಿನ್ ಮೂತ್ರವನ್ನು ಕೆಂಪಗೆ ಮಾಡುವುದು, ಅದು ನಿರಪಾಯ. ಮೊದಲೇ ಹೇಳದಿದ್ದರೆ ರೋಗಿಯು ರಕ್ತವೆಂದು ಬೆದರಿ ಔಷಧವನ್ನು ಬಿಡುವನು, ಕ್ಷಯವು ಬಲಿಯುವುದು.

ಸಾಮಾನ್ಯ ಶಬ್ದಗಳಲ್ಲಿಯೂ ತೊಡಕುಗಳುಂಟು. ಥೈರಾಯ್ಡ್ ಗ್ರಂಥಿಯ ಕೊರತೆಗೆ ಕೊಡುವ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಸೇವಿಸಬೇಕು. ಈ ಸೀಮೆಯ ಅನೇಕ ಮನೆಗಳಲ್ಲಿ ಬೆಳಗಿನ ಕಾಫಿಯು ಆಹಾರವೆಂದು ಎಣಿಕೆಯಿಲ್ಲ; ಕಾಫಿಯನ್ನು ಕುಡಿದವನೂ ತನ್ನದು ಬರಿಹೊಟ್ಟೆಯೆಂದೇ ಹೇಳುವನು. ಆದರೆ ಕಾಫಿಯು ಆ ಮಾತ್ರೆಯನ್ನು ದೇಹವು ಹೀರಿಕೊಳ್ಳದಂತೆ ಅಡ್ಡಿಮಾಡುವುದು. ‘ಊಟವಾದ ಮೇಲೆ’ ಎಂದರೆ ತಿಂಡಿಯಾದ ಮೇಲೆಯೂ ಹೌದೇ? ‘ಮೂರು ಹೊತ್ತು’ ಎಂದರೆ ಎಂಟೆಂಟು ಗಂಟೆಗಳ ಅಂತರವೇ, ಊಟದ ಹೊತ್ತುಗಳೇ? ಚಮಚವೆಂದರೆ ಮನೆಯ ಯಾವ ಚಮಚ? ಇವೆಲ್ಲಕ್ಕೂ ಮಿಗಿಲಾದುದು ಪಥ್ಯದ ಪ್ರಶ್ನೆ. ಹಳ್ಳಿಯ ರೋಗಿಯು ಔಷಧವನ್ನು ಕೈಗೆ ತೆಗೆದುಕೊಂಡೊಡನೆ ಕೇಳುವುದು ‘ಪಥ್ಯವೇನು? ನಂಜಿನ ಪದಾರ್ಥ ತಿನ್ನಬಹುದೇ? ಇದು ಉಷ್ಣವೇ?’ ಎಂದು. ಆಂಗ್ಲಪಠ್ಯದಲ್ಲಿ ನಂಜೂ ಇಲ್ಲ, ಉಷ್ಣವೂ ಇಲ್ಲ. ‘ಏನೂ ಇಲ್ಲ’ ಎಂದು ಉತ್ತರಿಸಿದವನಲ್ಲಿ ರೋಗಿಗೆ ನಂಬಿಕೆ ಹುಟ್ಟುವುದಿಲ್ಲ. ತಾನೇ ಪಥ್ಯವನ್ನು ಕಲ್ಪಿಸಿಕೊಂಡು ಮೊಸರನ್ನೋ ಬೇಳೆಯನ್ನೋ ಬಿಟ್ಟು ಇನ್ನಷ್ಟು ಕೃಶನಾಗುವನು. ಪ್ರಶ್ನೆಯ ಹಿಂದಿರುವ ಭಾವವನ್ನು ಅರಿತು, ತಿನ್ನತಕ್ಕುದನ್ನೂ ಬಿಡತಕ್ಕುದನ್ನೂ ಆತನ ಮಾತಿನಲ್ಲಿಯೇ ಹೇಳಬಲ್ಲವನು ಆ ಊರಿನ ಸ್ನಾತಕನೇ. ಗಣಕಯಂತ್ರದ ಮುಂದೆ ಕುಳಿತವನಿಗೂ, ಪರದೇಶಕ್ಕೆ ಹೋದವನಿಗೂ ಈ ವಿದ್ಯೆಯಿಂದ ಪ್ರಯೋಜನವಿಲ್ಲ. ಇದು ಊರಿನಲ್ಲಿ ಮಾತ್ರ ನಡೆಯುವ ನಾಣ್ಯ.

ಇಂತಹ ಕಾರ್ಯದಲ್ಲಿ ಸಾಹಿತ್ಯಜ್ಞರಿಗೆ ಪಾಲಿಲ್ಲವೆಂದು ಕೆಲವರು ಶಂಕಿಸಬಹುದು. ಆ ಶಂಕೆಗೆ ತುಮಕೂರು ಸೀಮೆಯೇ ಸಮಾಧಾನವನ್ನು ಕೊಟ್ಟಿದೆ. ಬೆಳ್ಳಾವೆಯ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯ ಮೂಲಕ ಹೊಸ ಶಾಸ್ತ್ರಗಳನ್ನು ಕನ್ನಡಕ್ಕೆ ತರಲು ಶ್ರಮಿಸಿದರು, ಅವರೇ ಪಂಪಭಾರತದ ಪರಿಷ್ಕರಣದಲ್ಲಿಯೂ ದುಡಿದರು. ಶಾಸ್ತ್ರಕ್ಕೂ ಕಾವ್ಯಕ್ಕೂ ಒಬ್ಬನೇ ಸೇವೆ ಮಾಡಬಹುದೆಂಬುದಕ್ಕೆ ಬೇರೆ ನಿದರ್ಶನವು ಬೇಡ.

೮. ಉಪಸಂಹಾರ

ಇಷ್ಟರಿಂದ ಸಿದ್ಧವಾಗುವ ಸಂಗತಿಗಳು ಮೂರು. ಸ್ನಾತಕನಿಗೆ ಅಂಗಡಿ, ಕೈಗಾರಿಕೆ, ನಿಯಂತ್ರಣ, ಅಧ್ಯಾಪನ, ದತ್ತಸಂಗ್ರಹ ಎಂಬ ಮಾರ್ಗಗಳುಂಟು. ನಿರುದ್ಯೋಗವು ಅನಿವಾರ್ಯವೆಂಬ ಭಯಕ್ಕೆ ಕಾರಣವಿಲ್ಲ. ಆದರೆ ಅವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಪ್ರವೇಶದ ಕಾಲದಲ್ಲಿಯೇ ಯೋಚಿಸಬೇಕು: ಊರಿನ ಅಂಗಡಿಯು ಗುರಿಯಾದರೆ ಡಿಪ್ಲೊಮಾ ಸಾಕು, ತಯಾರಿಕೆಗೆ ಬಿ. ಫಾರ್ಮ್ ಯುಕ್ತ, ರೋಗಿಯ ಬಳಿಯ ಕಾರ್ಯಕ್ಕೂ ದೇಶಾಂತರಕ್ಕೂ ಫಾರ್ಮ್. ಡಿ. ಇದು ಮೊದಲನೆಯದು.

ಅಂತೇವಾಸದ ಕಾಲದಲ್ಲಿ ಸ್ವಲ್ಪ ಭಾಗವಾದರೂ ದೊಡ್ಡ ಆಸ್ಪತ್ರೆಯ ಆಶ್ರಯದಲ್ಲಿಯೇ ಗುಬ್ಬಿ, ಕುಣಿಗಲ್ಲಿನಂತಹ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಳೆಯುವಂತಾದರೆ, ಅಂತೇವಾಸಿಗೆ ಜನರ ಪರಿಚಯವೂ, ಜನರಿಗೆ ಆತನಿಂದಾಗುವ ಪ್ರಯೋಜನದ ಅನುಭವವೂ ಉಂಟಾಗುವುವು. ಪ್ರಯೋಜನವನ್ನು ಕಂಡ ಜನರು ಸ್ಥಾನವನ್ನು ಕೇಳುವರು, ಕಾಣದುದನ್ನು ಕೇಳುವವರಿಲ್ಲ. ಇದು ಎರಡನೆಯದು.

ಔಷಧದ ಕಿಟಕಿಯಲ್ಲಿ ಹೇಳಬೇಕಾದ ನೂರಿನ್ನೂರು ವಾಕ್ಯಗಳನ್ನು ತುಮಕೂರು ಸೀಮೆಯ ಆಡುಮಾತಿನಲ್ಲಿ, ಅರ್ಥಕ್ಕೆ ಎರಡು ದಾರಿಯಿಲ್ಲದಂತೆ ಕಟ್ಟುವುದು ಔಷಧಜ್ಞನೂ ಕನ್ನಡದ ಉಪಾಧ್ಯಾಯನೂ ಕೂಡಿ ಮಾಡತಕ್ಕ ಕೆಲಸ. ಪಥ್ಯ, ನಂಜು, ಹೊತ್ತು, ಬರಿಹೊಟ್ಟೆ ಎಂಬ ಶಬ್ದಗಳನ್ನು ಊರೂರಿನಲ್ಲಿ ಕೇಳಿ ಅವುಗಳ ಅರ್ಥವ್ಯಾಪ್ತಿಯನ್ನು ಗುರುತಿಸುವುದು ನಿಘಂಟುಕಾರನ ಕೆಲಸವೇ ಆಗಿದೆ. ತುಮಕೂರಿನಲ್ಲಿ ೨೦೦೪ರಿಂದ ವಿಶ್ವವಿದ್ಯಾನಿಲಯವಿದೆ, ಔಷಧ ಮಹಾವಿದ್ಯಾಲಯವಿದೆ, ದೊಡ್ಡ ಆಸ್ಪತ್ರೆಗಳಿವೆ. ಇವು ಒಂದನ್ನೊಂದು ಬಲ್ಲುವಾದರೆ ಈ ಕಾರ್ಯವು ಕಷ್ಟವಲ್ಲ. ಇದು ಮೂರನೆಯದು.

ಯಾಸ್ಕರು ಓಷಧಿಶಬ್ದಕ್ಕೆ ಹೇಳಿರುವ ನಿರ್ವಚನಗಳಲ್ಲಿ ದೋಷವನ್ನು ಹೀರುವುದೆಂಬುದೂ ಒಂದು. ದ್ರವ್ಯವು ರೋಗದ ದೋಷವನ್ನು ಹೀರಬಲ್ಲುದು. ಅದನ್ನು ಹೇಗೆ ಸೇವಿಸಬೇಕೆಂಬ ವಿಷಯದಲ್ಲಿ ರೋಗಿಗಿರುವ ಅಜ್ಞಾನದೋಷವನ್ನು ಹೋಗಲಾಡಿಸುವುದಕ್ಕೆ ದ್ರವ್ಯವು ಶಕ್ತವಲ್ಲ, ಮನುಷ್ಯನು ಬೇಕು. ಆ ಮನುಷ್ಯನನ್ನು ಆರು ವರ್ಷ ಓದಿಸಿ ಸಿದ್ಧಪಡಿಸಿದ ಸೀಮೆಯು ಆತನಿಗೆ ತನ್ನಲ್ಲಿಯೇ ಸ್ಥಾನವನ್ನು ಕಲ್ಪಿಸಿಕೊಡಬೇಕೆಂಬುದು ಈ ವಿಚಾರದ ಫಲಿತಾಂಶ.